ಪುರಾತತ್ವಜ್ಞನ ಮಗಳು, ಸಾಲದಲ್ಲಿರುವ ಅರ್ಲ್: 1895ರ ಪ್ರೇಮಕತೆಗೆ ಸಹಾಯ ಬೇಕು

ಧಾರವಾಡದ ಓದುಗಿ:

ಎಲ್ಲರಿಗೂ ನಮಸ್ಕಾರ. ಐತಿಹಾಸಿಕ ಪ್ರೇಮಕತೆ ಅಂದ್ರೆ ನನಗೆ ಪ್ರಾಣ. ಓದಿ ಓದಿ ಈಗ ನಾನೇ ಒಂದು ಬರೆಯುತ್ತಿದ್ದೇನೆ. ಕಾಲ 1895ರಿಂದ 1899. ಅರ್ಧ ಕತೆ ಈಜಿಪ್ಟಿನಲ್ಲಿ, ಅರ್ಧ ಇಂಗ್ಲೆಂಡಿನಲ್ಲಿ. ನಾಯಕಿಯ ಅಪ್ಪ ನೈಲ್ ದಂಡೆಯಲ್ಲಿ ಹಳೆಯ ಗೋರಿಗಳನ್ನು ಅಗೆಸುವವರು. ತಾಯಿ ಇಲ್ಲ. ಅಪ್ಪನ ಜೊತೆ ಡೇರೆಯಲ್ಲೇ ಬೆಳೆದವಳು. ಅರಬ್ಬಿ ಚೆನ್ನಾಗಿ ಮಾತಾಡುತ್ತಾಳೆ. ಹೆದರಿಕೆ ಅನ್ನೋದು ಗೊತ್ತಿಲ್ಲ.

ನಾಯಕ ಒಬ್ಬ ಅರ್ಲ್, ಅಂದರೆ ವಂಶದಿಂದ ಬರುವ ಪದವಿ ಇರೋ ಇಂಗ್ಲೆಂಡಿನ ಜಮೀನ್ದಾರ. ವಯಸ್ಸು ಇಪ್ಪತ್ತೆಂಟು. ಅಪ್ಪ ತೀರಿಕೊಂಡು ಪದವಿ ಬಂದಿದೆ, ಜೊತೆಗೆ ಸಾಲವೂ ಬಂದಿದೆ. ದೊಡ್ಡ ಮನೆ, ಸೋರುವ ಮಾಡು, ಮದುವೆಗೆ ಬಂದ ಇಬ್ಬರು ತಂಗಿಯರು.

ಬರೆದಷ್ಟನ್ನು ನಮ್ಮ ಮನೆಯವರಿಗೆ ಓದಿ ಹೇಳಿದೆ. "ಸಾವಿರಾರು ಎಕರೆ ಇದ್ದವನು ಬಡವ ಹೇಗಾದ? ನೂರು ಎಕರೆ ಮಾರಿ ಸಾಲ ತೀರಿಸಬಾರದಾ?" ಅಂದರು. ಉತ್ತರ ಕೊಡೋಕೆ ಆಗಲಿಲ್ಲ. ಅಲ್ಲಿಗೇ ಕತೆ ನಿಂತಿದೆ.

ಇನ್ನೊಂದು ವಿಷಯ. ಇಂಥ ಕತೆಗಳಲ್ಲಿ ನಾಯಕಿ ಹಳ್ಳಕ್ಕೆ ಬೀಳ್ತಾಳೆ, ನಾಯಕ ಎತ್ತುತ್ತಾನೆ. ನನಗೆ ಅದು ಬೇಡ. ಅವಳು ನಿಜವಾಗಿ ಕೆಲಸ ಮಾಡಬೇಕು. ಆ ಕಾಲದಲ್ಲಿ ಹೆಂಗಸರು ಉತ್ಖನನದಲ್ಲಿ ಏನು ಮಾಡುತ್ತಿದ್ದರು? ಕೊನೆಗೆ ಗೋರಿಯಲ್ಲಿ ಸಿಕ್ಕ ಒಡವೆ ಮಾರಿ ಅವನ ಮನೆ ಉಳಿಸಬಹುದಾ? ಗೊತ್ತಿರುವವರು ದಯವಿಟ್ಟು ಹೇಳಿ.

ಗೇಣಿಪತ್ರ:

ಮೇಡಂ, ನಾನು ವಕೀಲ. ನಲವತ್ತು ವರ್ಷ ಜಮೀನಿನ ಕೇಸುಗಳನ್ನೇ ನಡೆಸಿದವನು. ಇಂಗ್ಲೆಂಡಿನ ಜಮೀನು ಕಾನೂನು ಓದೋದು ನನಗೆ ಹಳೆಯ ಹುಚ್ಚು. ನಿಮ್ಮ ಯಜಮಾನರ ಪ್ರಶ್ನೆಯಲ್ಲೇ ನಿಮ್ಮ ಕತೆ ಇದೆ.

ನಿಮ್ಮ ಅರ್ಲ್ ಆ ಜಮೀನನ್ನು ತನಗೆ ಬೇಕಾದ ಹಾಗೆ ಮಾಡಬಲ್ಲ ಮಾಲೀಕನೇ ಅಲ್ಲ. ದೊಡ್ಡ ಮನೆತನಗಳು ಆಸ್ತಿಯನ್ನು ಸೆಟ್ಲ್‌ಮೆಂಟ್ ಪತ್ರ ಬರೆದು ಕಟ್ಟಿಹಾಕುತ್ತಿದ್ದವು. ಜೀವ ಇರೋ ತನಕ ಉತ್ಪನ್ನ ಅನುಭವಿಸಬಹುದು, ಅಷ್ಟೇ. ಹಿರಿಯ ಮಗನಿಗೆ 21 ತುಂಬಿದ ಮೇಲೆ ಅಪ್ಪ ಮಗ ಕೂತು ಹೊಸ ಪತ್ರ ಮಾಡುತ್ತಿದ್ದರು. ಮಗನಿಗೆ ವರ್ಷಕ್ಕಿಷ್ಟು ಕೈಖರ್ಚಿನ ಆಸೆ ತೋರಿಸಿ ಅವನನ್ನೂ ಬರೀ ಜೀವಾವಧಿ ಹಕ್ಕಿಗೆ ಇಳಿಸುತ್ತಿದ್ದರು. ಆಸ್ತಿ ಇನ್ನೂ ಹುಟ್ಟದ ಮೊಮ್ಮಗನಿಗೆ ದಾಟುತ್ತಿತ್ತು. ನಿಮ್ಮ ನಾಯಕನೂ 21ನೇ ವಯಸ್ಸಿನಲ್ಲಿ ಸಹಿ ಹಾಕಿರುತ್ತಾನೆ. ಅಪ್ಪನ ಮುಂದೆ ಕೂತು ಸಹಿ ಹಾಕಿದ ಆ ದಿನದ ಬಗ್ಗೆ ಒಂದು ಪುಟ ಬರೆಯಿರಿ.

ಅದೇ ಪತ್ರದಲ್ಲಿ ವಿಧವೆ ತಾಯಿಗೆ ವರ್ಷಾಶನ ಬರೆದಿರುತ್ತೆ. ತಂಗಿಯರಿಗೆ, ತಮ್ಮಂದಿರಿಗೆ ಇಷ್ಟಿಷ್ಟು ದುಡ್ಡು ಅಂತ ಇರುತ್ತೆ. ಗೇಣಿ ಬರಲಿ ಬಿಡಲಿ, ಇವನ್ನು ಕೊಡಲೇಬೇಕು. ಅಡಮಾನದ ಬಡ್ಡಿ ಬೇರೆ.

ಗೇಣಿ ಯಾಕೆ ಬರಲಿಲ್ಲ? ಗೋಧಿಯ ಬೆಲೆ ನೋಡಿ. 1877ರಲ್ಲಿ ಒಂದು ಕ್ವಾರ್ಟರ್‌ಗೆ, ಅಂದರೆ ಸುಮಾರು 218 ಕಿಲೋಗೆ, 56 ಶಿಲಿಂಗ್ ಚಿಲ್ಲರೆ. 1894ರಲ್ಲಿ 23 ಶಿಲಿಂಗ್ ಕೂಡ ಇಲ್ಲ. ಅಮೆರಿಕದ ಬಯಲುಗಳ ಗೋಧಿ ರೈಲು ಹತ್ತಿ, ಉಗಿಹಡಗು ಹತ್ತಿ ಬಂತು. 1882ರಲ್ಲಿ 'ಡನೀಡನ್' ಅನ್ನೋ ಹಡಗು ನ್ಯೂಜಿಲೆಂಡಿನಿಂದ ಹೆಪ್ಪುಗಟ್ಟಿಸಿದ ಕುರಿಮಾಂಸ ಹೊತ್ತು ಲಂಡನ್ ಮುಟ್ಟಿತು. ಒಕ್ಕಲುಗಳು ಗೇಣಿ ಇಳಿಸಿ ಅಂದರು. ಇಳಿಸದ ಕಡೆ ಬಿಟ್ಟು ಹೋದರು. ಎಸೆಕ್ಸ್‌ನ ಜೇಡಿಮಣ್ಣಿನ ಗೋಧಿ ಹೊಲಗಳಿಗೆ ತುಂಬಾ ಪೆಟ್ಟು ಬಿತ್ತು. ನಿಮ್ಮ ಅರ್ಲ್‌ನ ಊರು ಎಸೆಕ್ಸ್‌ನಲ್ಲಿರಲಿ. ಕಲ್ಲಿದ್ದಲಿನ ಜಿಲ್ಲೆಯಲ್ಲಿ ಇಡಬೇಡಿ, ಅಲ್ಲಿ ಜಮೀನ್ದಾರರಿಗೆ ಗಣಿಯಿಂದ ರಾಯಧನ ಬರುತ್ತಿತ್ತು.

1882ರ ಸೆಟ್ಲ್ಡ್ ಲ್ಯಾಂಡ್ ಕಾಯ್ದೆ ಬಂದ ಮೇಲೆ ಇಂಥ ಜಮೀನು ಮಾರಬಹುದು ಅಂತಾಯ್ತು. ಆದರೆ ಬಂದ ದುಡ್ಡು ಟ್ರಸ್ಟಿಗಳ ಕೈಗೆ ಹೋಗುತ್ತೆ, ಇವನ ಜೇಬಿಗಲ್ಲ. ಅದರಿಂದ ಅಡಮಾನ ಬಿಡಿಸಬಹುದು. ಆದರೆ 1895ರಲ್ಲಿ ಒಳ್ಳೆಯ ಬೆಲೆಗೆ ಕೊಳ್ಳುವವರು ಯಾರು? ವಂಶದ ಚಿತ್ರ, ಒಡವೆ, ಪುಸ್ತಕ ಪತ್ರದಲ್ಲಿ ಸೇರಿದ್ದರೆ ಅವನ್ನು ಮಾರೋಕೆ ಕೋರ್ಟಿನ ಅಪ್ಪಣೆ ಬೇಕು. ಕಾಯ್ದೆ ಬಂದ 1882ರಲ್ಲೇ ಹ್ಯಾಮಿಲ್ಟನ್ ಡ್ಯೂಕ್ ತನ್ನ ಅರಮನೆಯ ಸಂಗ್ರಹ ಹರಾಜಿಗೆ ಹಾಕಿದ. 17 ದಿನ ನಡೆಯಿತು, ಬಂದದ್ದು ಸುಮಾರು 4 ಲಕ್ಷ ಪೌಂಡ್.

ಇನ್ನೊಂದು ಮಾತು. ಮರಣ ತೆರಿಗೆಯಿಂದಲೇ, ಅಂದರೆ ಸತ್ತವರ ಆಸ್ತಿಯ ಮೇಲಿನ ತೆರಿಗೆಯಿಂದಲೇ ಮನೆ ಮುಳುಗಿತು ಅಂತ ಬರೀಬೇಡಿ. ಹಣಕಾಸು ಮಂತ್ರಿ ಹಾರ್ಕೋರ್ಟ್ ಅದನ್ನು ತಂದದ್ದು 1894ರಲ್ಲಿ. 10 ಲಕ್ಷ ಪೌಂಡ್ ದಾಟಿದ ಆಸ್ತಿಗೂ ಆಗ ಶೇಕಡಾ 8 ಮಾತ್ರ. ಅದು ಬೆನ್ನು ಮುರಿದದ್ದು ಆಮೇಲೆ, ಮಹಾಯುದ್ಧದ ಕಾಲದಲ್ಲಿ.

ಬೋಕಿ ಆಯುವವಳು:

ಅಕ್ಕಾ, ನಾಯಕಿ ಕೆಲಸ ಮಾಡಬೇಕು ಅಂದಿರಲ್ಲ, ತುಂಬಾ ಖುಷಿಯಾಯ್ತು. ನಾನು ಲಂಡನ್ನಿನಲ್ಲಿದ್ದೇನೆ. ಬಿಡುವಾದಾಗೆಲ್ಲ ಯೂನಿವರ್ಸಿಟಿ ಕಾಲೇಜಿನ ಪೆಟ್ರಿ ಮ್ಯೂಸಿಯಂಗೆ ಹೋಗ್ತೀನಿ. ನಿಮ್ಮ ನಾಯಕಿಯ ಅಪ್ಪನ ಕಾಲದ ದೊಡ್ಡ ಹೆಸರು ಫ್ಲಿಂಡರ್ಸ್ ಪೆಟ್ರಿ. ಅಮೆಲಿಯಾ ಎಡ್ವರ್ಡ್ಸ್ ಎಂಬ ಲೇಖಕಿ 1892ರಲ್ಲಿ ತೀರಿಕೊಂಡಾಗ ಉಯಿಲಿನಲ್ಲಿ ಈಜಿಪ್ಟ್ ಅಧ್ಯಯನದ ಪ್ರಾಧ್ಯಾಪಕ ಹುದ್ದೆಗೆ ದುಡ್ಡು ಬಿಟ್ಟರು. ಆ ಕಾಲೇಜನ್ನೇ ಆರಿಸಿದ್ದು ಯಾಕೆ ಅಂದ್ರೆ ಅದು ಹೆಣ್ಣುಮಕ್ಕಳಿಗೂ ಡಿಗ್ರಿ ಕೊಡುತ್ತಿತ್ತು. ಆ ಹುದ್ದೆಗೆ ಬಂದವರೇ ಪೆಟ್ರಿ. ನಿಮ್ಮ ನಾಯಕಿ ಬೇಸಿಗೆಯಲ್ಲಿ ಅಲ್ಲೇ ಪಾಠ ಕೇಳಬಹುದು. ಮಾರ್ಗರೆಟ್ ಮರ್ರೆ ಅಲ್ಲಿ ಚಿತ್ರಲಿಪಿ ಕಲಿತು, ಆಮೇಲೆ ಅಲ್ಲೇ ಕಲಿಸಿದರು.

ಹೆಂಗಸರು ಅಗೆಸಿದ್ದರಾ? ಅಗೆಸಿದ್ದರು. 1895ರಲ್ಲಿ ಮಾರ್ಗರೆಟ್ ಬೆನ್ಸನ್‌ಗೆ ಕಾರ್ನಾಕ್‌ನ ಮುಟ್ ದೇವಿಯ ಗುಡಿ ಅಗೆಯಲು ಅನುಮತಿ ಸಿಕ್ಕಿತು. ಈಜಿಪ್ಟಿನಲ್ಲಿ ಹಾಗೆ ಅನುಮತಿ ಪಡೆದ ಮೊದಲ ಹೆಂಗಸು ಅವರು. ಒಂದೆರಡು ವರ್ಷದಲ್ಲೇ ಪೆಟ್ರಿ ಹಿಲ್ಡಾ ಅರ್ಲಿನ್‌ರನ್ನು ಮದುವೆಯಾದರು. ಹಿಲ್ಡಾ ನೇರ ಈಜಿಪ್ಟಿನ ಡೇರೆಗೆ ಹೋದರು. ಗೋರಿಯೊಳಗೆ ಹಗ್ಗದ ಏಣಿಯಲ್ಲಿ ಇಳಿದು, ನೆಲದ ಮೇಲೆ ಮಲಗಿ, ಕಲ್ಲಿನ ಶವಪೆಟ್ಟಿಗೆಯ ಬರಹವನ್ನು ಅಕ್ಷರ ಬಿಡದೆ ನಕಲು ಮಾಡಿದರು. ಸಾಹಸ ಬೇಕು ಅಂದ್ರೆ ಇದನ್ನು ತಗೊಳ್ಳಿ. ಶಾಪಗ್ರಸ್ತ ಮಮ್ಮಿ ಎಲ್ಲ ಯಾಕೆ?

ದಿನದ ಕೆಲಸ ಹೀಗಿತ್ತು. ಅಗೆತದ ಕಾಲ ಚಳಿಗಾಲ, ನವೆಂಬರ್‌ನಿಂದ ಹೆಚ್ಚು ಕಡಿಮೆ ಮಾರ್ಚ್ ತನಕ. ಗುದ್ದಲಿ ಹಿಡಿಯೋರು ದೊಡ್ಡವರು, ಮಣ್ಣಿನ ಬುಟ್ಟಿ ಹೊರೋರು ಊರಿನ ಹುಡುಗರು, ಹುಡುಗಿಯರು. ನಿಮ್ಮ ನಾಯಕಿ ಹಾಜರಿ ಪುಸ್ತಕ ಇಡುತ್ತಾಳೆ, ಬಟವಾಡೆ ಮಾಡುತ್ತಾಳೆ. ಬೋಕಿ ತೊಳೆದು ಇಂಕಿನಲ್ಲಿ ಗೋರಿಯ ನಂಬರ್ ಬರೆಯುತ್ತಾಳೆ. ಏನಾದರೂ ಸಿಕ್ಕಿದರೆ ಪೆಟ್ರಿ ಸಿಕ್ಕವನಿಗೇ ಭಕ್ಷೀಸು ಕೊಡುತ್ತಿದ್ದರು. ಇಲ್ಲದಿದ್ದರೆ ಅದು ರಾತ್ರಿಯೇ ವ್ಯಾಪಾರಿಯ ಕೈ ಸೇರುತ್ತಿತ್ತು. ಯಾವುದಕ್ಕೆ ಎಷ್ಟು ಕೊಡಬೇಕು ಅಂತ ತಕ್ಷಣ ಹೇಳೋಕೆ ಅವಳಿಗೆ ಬಜಾರಿನ ಬೆಲೆ ಬಾಯಿಪಾಠ ಇರಬೇಕು. ಜಾಣತನ ತೋರಿಸೋಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ದಯವಿಟ್ಟು ಕೂಲಿಯವರನ್ನು ಬರೀ ಹಿನ್ನೆಲೆಗೆ ನಿಲ್ಲಿಸಬೇಡಿ. ಕುಫ್ಟ್ ಊರಿನ ಜನ 1893-94ರಲ್ಲಿ ಪೆಟ್ರಿ ಹತ್ತಿರ ಪಳಗಿದರು. ಆಮೇಲೆ ಈಜಿಪ್ಟಿನಲ್ಲಿ ಯಾರು ಅಗೆಸಿದರೂ ಅವರೇ ಬೇಕು ಅನ್ನುವಷ್ಟು ಹೆಸರಾದರು. ಲಾಹುನ್ ಊರಿನ ಅಲಿ ಸುಏಫಿ ಅಂತಲೂ ಒಬ್ಬರಿದ್ದರು. ಮಣ್ಣಿನ ಬಣ್ಣ ನೋಡಿಯೇ ಎಲ್ಲಿ ಗೋರಿ ಇದೆ ಅಂತ ಹೇಳಬಲ್ಲ ಇಂಥವರ ಕೈಯಲ್ಲೇ ನಿಮ್ಮ ನಾಯಕಿ ಕಲಿತಿರುತ್ತಾಳೆ. ಅವಳಿಗೆ ಅರಬ್ಬಿ ಬಂದದ್ದೂ ಅವರಿಂದಲೇ ಅಲ್ವಾ?

ಈಗ ನನಗೆ ತುಂಬಾ ಇಷ್ಟವಾದ ವಿಷಯ. 1894-95ರಲ್ಲಿ ದಕ್ಷಿಣ ಈಜಿಪ್ಟಿನ ನಖಾಡದಲ್ಲಿ ಪೆಟ್ರಿಗೆ ಸಾವಿರಾರು ಹಳೆಯ ಗೋರಿಗಳು ಸಿಕ್ಕವು. ಬರಹ ಇಲ್ಲ, ರಾಜನ ಹೆಸರಿಲ್ಲ. ಯಾವುದು ಮೊದಲು, ಯಾವುದು ಆಮೇಲೆ? ಮ್ಯೂಸಿಯಂನಲ್ಲಿ ಆ ಮಡಕೆಗಳನ್ನು ನೋಡಬಹುದು. ಒಂದು ಜಾತಿಯ ಮಡಕೆಗೆ ದುಂಡು ಹೊಟ್ಟೆ, ಎರಡೂ ಕಡೆ ಅಲೆಅಲೆಯಾದ ದಪ್ಪ ಹಿಡಿ. ಬೆರಳು ಕೊಟ್ಟು ಎತ್ತಬಹುದು. ಅದರ ಮುಂದಿನದ್ದರಲ್ಲಿ ಹೊಟ್ಟೆ ಸಣ್ಣ, ಹಿಡಿ ತೆಳು, ಎತ್ತೋಕೆ ಬರಲ್ಲ. ಹೀಗೇ ಹೋಗಿ ಕೊನೆಗೆ ಕೊಳವೆಯಂಥ ಮಡಕೆ, ಹಿಡಿ ಇದ್ದ ಜಾಗದಲ್ಲಿ ಸುತ್ತಲೂ ಬರೀ ಒಂದು ಗೆರೆ. ಪೆಟ್ರಿ ಸುಮಾರು 900 ಗೋರಿಗಳಿಗೆ ಒಂದೊಂದು ರಟ್ಟಿನ ಪಟ್ಟಿ ಮಾಡಿದರು. ಯಾವ ಗೋರಿಯಲ್ಲಿ ಯಾವ ಮಡಕೆ ಇತ್ತು ಅಂತ ಬರೆದು, ಪಟ್ಟಿಗಳನ್ನು ಹಿಂದೆ ಮುಂದೆ ಜರುಗಿಸುತ್ತಾ ಕಾಲದ ಸಾಲು ಕಂಡುಹಿಡಿದರು. 1899ರಲ್ಲಿ ಪ್ರಕಟಿಸಿದರು.

ನಿಮ್ಮ ನಾಯಕಿ ಇಂಥದ್ದೇ ಪಟ್ಟಿಗಳನ್ನು ತಗೊಂಡು ಅರ್ಲ್‌ನ ಮನೆಗೆ ಬರಲಿ. ಅಷ್ಟು ಉದ್ದ ಜೋಡಿಸೋಕೆ ಜಾಗ ಇರೋದು ಅವನ ಊಟದ ಮೇಜಿನ ಮೇಲೆ ಮಾತ್ರ. ಮಾಡು ಸೋರುವ ಕಡೆ ಪಾತ್ರೆ ಇಟ್ಟು ಇಬ್ಬರೂ ರಾತ್ರಿಯೆಲ್ಲ ಪಟ್ಟಿ ಜರುಗಿಸಲಿ. ಅವರಿಗೆ ಪ್ರೀತಿ ಹುಟ್ಟೋದು ಅಲ್ಲೇ.

ಒಡವೆ ಮಾರೋ ವಿಚಾರ ಬಿಟ್ಟುಬಿಡಿ. ಸಿಕ್ಕಿದ್ದರಲ್ಲಿ ಆಗ ಕೈರೋ ಪಕ್ಕದ ಗಿಜಾದಲ್ಲಿದ್ದ ಸರ್ಕಾರಿ ಮ್ಯೂಸಿಯಂ ತನಗೆ ಬೇಕಾದ್ದನ್ನು ಮೊದಲು ಆರಿಸಿಕೊಳ್ಳುತ್ತಿತ್ತು. ಉಳಿದ ಪಾಲು ದುಡ್ಡು ಕೊಟ್ಟ ಸಂಘಗಳಿಗೆ, ಮ್ಯೂಸಿಯಂಗಳಿಗೆ ಹೋಗುತ್ತಿತ್ತು. ಅವಳು ಕದ್ದರೆ ಮಾತ್ರ ಅವಳಿಗೆ. ಕದಿಯೋಳಲ್ಲ ಅವಳು.

ಸುರಪುರದವ:

ಈಜಿಪ್ಟ್ ಯಾಕ್ರೀ, ನಮ್ಮ ಸುರಪುರಕ್ಕೇ ಬರ್ರಿ. ಮೆಡೋಸ್ ಟೇಲರ್ ಸಾಹೇಬರು ಇಲ್ಲಿ ಆಡಳಿತ ನೋಡುತ್ತಿದ್ದಾಗ ಜೇವರ್ಗಿ ಕಡೆಯ ಕಲ್ಲುಗೋರಿಗಳನ್ನು ಅಗೆಸಿ, ಅಳತೆ ಹಾಕಿ, ಚಿತ್ರ ಬರೆದವರು. ಅದೂ ಪೆಟ್ರಿ ಹುಟ್ಟಿದ ಕಾಲಕ್ಕೆ. ನಮ್ಮ ಎಳೆಯ ರಾಜಾ ವೆಂಕಟಪ್ಪ ನಾಯಕ ಅವರನ್ನು ಅಪ್ಪ ಅಂತಲೇ ಕರೀತಿದ್ದ. 1858ರಲ್ಲಿ ರಾಜ ಹೋದ, ಸಂಸ್ಥಾನವೂ ಹೋಯ್ತು. ಟೇಲರ್ ಮಂಜಿಲ್ ಇನ್ನೂ ಐತಿ. ಅವರ ಆತ್ಮಕತೆಯನ್ನು ಅವರು ತೀರಿದ ಮೇಲೆ, 1877ರಲ್ಲಿ ಹೊರತಂದವಳು ಮಗಳು ಆಲಿಸ್. ಅಪ್ಪನ ಕಾಗದಪತ್ರಗಳ ನಡುವೆ ಬದುಕಿದ ಮಗಳು ಹೆಂಗಿರ್ತಾಳ ಅಂತ ತಿಳೀಬೇಕಂದ್ರ ಆ ಪುಸ್ತಕ ಓದ್ರಿ.

ಮಲೆನಾಡ ಹುಡುಗಿ:

ನಾನು ಓದುಗಳಾಗಿ ಎರಡು ಮಾತು. ಕತೆಗೆ ಒಬ್ಬ ಎದುರಾಳಿ ಬೇಕೇಬೇಕು, ಅವಳು ಅಮೆರಿಕದ ಸಾಹುಕಾರನ ಮಗಳಾಗಿರಲಿ. ನೀವು ಕತೆ ಶುರು ಮಾಡಿದ 1895ರಲ್ಲೇ ಕಾನ್ಸುಯೆಲೊ ವ್ಯಾಂಡರ್‌ಬಿಲ್ಟ್ ಮಾರ್ಲ್‌ಬರೊ ಡ್ಯೂಕ್‌ನನ್ನು ಮದುವೆಯಾದದ್ದು. ತಂದ ವರದಕ್ಷಿಣೆ 25 ಲಕ್ಷ ಡಾಲರ್ ಬೆಲೆಯ ರೈಲ್ವೆ ಷೇರು. ಅವಳಿಗೆ ಮನಸ್ಸಿರಲಿಲ್ಲ, ತಾಯಿಯ ಬಲವಂತ. ಹಾಗಾಗಿ ನಿಮ್ಮ ಎದುರಾಳಿಯನ್ನು ಕೆಟ್ಟವಳಾಗಿ ಮಾಡಬೇಡಿ. ಪಾಪ, ಅವಳಿಗೂ ಬೇರೆ ಯಾರ ಮೇಲೋ ಪ್ರೀತಿ ಇರಬಹುದು.

ಅದೇ ವರ್ಷ ಕಾರ್ನಾರ್ವನ್ ಅರ್ಲ್ ಅಲ್ಮಿನಾಳನ್ನು ಮದುವೆಯಾದ. ಅಲ್ಮಿನಾಳ ಪರವಾಗಿ ಬ್ಯಾಂಕಿನ ಸಾಹುಕಾರ ರಾತ್‌ಚೈಲ್ಡ್ ಮನೆತನದ ಆಲ್ಫ್ರೆಡ್ ಕೊಟ್ಟ ದುಡ್ಡು ಅವನ ಸಾಲ ತೀರಿಸಿತು, ಆಮೇಲೆ ಈಜಿಪ್ಟಿನ ಅಗೆತಕ್ಕೂ ಹೋಯ್ತು. 1922ರ ನವೆಂಬರ್‌ನಲ್ಲಿ ಈಜಿಪ್ಟಿನ ಪ್ರಾಚೀನ ರಾಜ ಟುಟಾಂಖಾಮುನ್‌ನ ಗೋರಿಯೊಳಗೆ ಮೊದಲು ಕಾಲಿಟ್ಟವರಲ್ಲಿ ಅವರ ಮಗಳು ಇವ್ಲಿನ್ ಕೂಡ ಇದ್ದಳು. ನನಗಂತೂ ಇದು ಯಾವ ಕಾದಂಬರಿಗಿಂತ ಕಡಿಮೆ ಅನ್ನಿಸಲ್ಲ.

ಕೊನೆಯಲ್ಲಿ ಯಾವುದೋ ಅತ್ತೆ ಸತ್ತು ಆಸ್ತಿ ಬರೋದು ಬೇಡ. ನಿಮ್ಮ ಅರ್ಲ್ ಮನೆಯನ್ನು ಯಾರಾದರೂ ಬಿಯರ್ ಕಾರ್ಖಾನೆ ಸಾಹುಕಾರನಿಗೆ ಬಾಡಿಗೆಗೆ ಕೊಟ್ಟು, ಸರ್ವೆ ಕಲಿತು, ಅವಳ ಜೊತೆ ಡೇರೆಗೆ ಹೋಗಲಿ. ಆ ಕಾಲದಲ್ಲಿ ಎಷ್ಟೋ ಮನೆತನಗಳು ಹಾಗೆ ಬಾಡಿಗೆಗೆ ಕೊಟ್ಟಿದ್ದವು. ಲಾರ್ಡ್ ಒಬ್ಬ ಹೆಂಡತಿಯ ಕೆಲಸದಲ್ಲಿ ಕೈಜೋಡಿಸೋದನ್ನು ಓದೋಕೆ ನನಗೆ ಆಸೆ.

ಧಾರವಾಡದ ಓದುಗಿ:

ಎಲ್ಲರಿಗೂ ತುಂಬಾ ಧನ್ಯವಾದ. ನಮ್ಮ ಮನೆಯವರಿಗೆ ಗೋಧಿ ಬೆಲೆ ಹೇಳಿದೆ. "ಹಂಗಾದ್ರ ಅವನ ತಪ್ಪಿಲ್ಲ ಬಿಡು" ಅಂದರು. ಸುರಪುರದ ಅಣ್ಣಾರ, ನಿಮ್ಮೂರಿನ ಕತೆಗೆ ಬೇರೆಯದೇ ಪುಸ್ತಕ ಬೇಕು, ಅದನ್ನು ಹೀಗೆ ಪಕ್ಕಕ್ಕೆ ಸೇರಿಸೋಕೆ ಮನಸ್ಸಿಲ್ಲ. ಊಟದ ಮೇಜಿನ ದೃಶ್ಯ ನಿನ್ನೆ ರಾತ್ರಿಯೇ ಬರೆದೆ. ಬಾಡಿಗೆ ವಿಚಾರವೂ ಒಪ್ಪಿಗೆ.

ವಕೀಲರೇ, ಮತ್ತೊಂದು ಸಂದೇಹ. ನಾಯಕಿಯ ವಿದ್ಯೆ ಅವನ ಮನೆಯ ವ್ಯವಹಾರಕ್ಕೆ ಒಂದು ಸಲವಾದರೂ ಮುಟ್ಟಬೇಕು. ಮದುವೆಯಾದರೆ ಅವಳ ಸಂಪಾದನೆ ಅವನಿಗೆ ಸಾಲ ಕೊಟ್ಟವರ ಪಾಲಾಗುತ್ತಾ?

ಗೇಣಿಪತ್ರ:

ಆಗಲ್ಲ. 1882ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯ ಪ್ರಕಾರ ಅವಳ ದುಡಿಮೆ, ಅವಳ ಆಸ್ತಿ ಅವಳದ್ದೇ. ಗಂಡನ ಸಾಲಕ್ಕೆ ಅದನ್ನು ಮುಟ್ಟೋ ಹಾಗಿಲ್ಲ.

ವಿದ್ಯೆ ಮುಟ್ಟಿಸೋಕೆ ಒಂದು ದಾರಿ ಹೇಳ್ತೀನಿ. ಶ್ರೀಮಂತರ ಮನೆಗಳಲ್ಲಿ ಕೆತ್ತನೆಯ ಹರಳುಗಳ ಸಂಗ್ರಹ ಇರುತ್ತಿತ್ತು, ಗ್ರೀಕರ, ರೋಮನ್ನರ ಕಾಲದ ಮುದ್ರೆ ಹರಳುಗಳು. ಆಗಿನ ಮಾರ್ಲ್‌ಬರೊ ಡ್ಯೂಕ್ ತನ್ನ 700ಕ್ಕೂ ಹೆಚ್ಚು ಹರಳುಗಳನ್ನು 1875ರಲ್ಲಿ 35,000 ಗಿನಿಗೆ (ಗಿನಿ ಅಂದರೆ ಪೌಂಡಿಗಿಂತ ಒಂದು ಶಿಲಿಂಗ್ ಹೆಚ್ಚು) ಒಟ್ಟಾಗಿ ಮಾರಿದ. ಅವೇ ಹರಳುಗಳು 1899ರಲ್ಲಿ ಲಂಡನ್ನಿನ ಕ್ರಿಸ್ಟೀಸ್‌ನಲ್ಲಿ ಮತ್ತೆ ಹರಾಜಾದವು. ನಿಮ್ಮ ಕತೆ ಮುಗಿಯೋ ವರ್ಷ. ಅರ್ಲ್‌ನ ಮನೆಯಲ್ಲೂ ಅಜ್ಜನ ಕಾಲದ ಒಂದು ಹರಳಿನ ಪೆಟ್ಟಿಗೆ ಇರಲಿ. ಅದೇ ನಮ್ಮನ್ನು ಉಳಿಸುತ್ತೆ ಅಂತ ತಾಯಿ, ತಂಗಿಯರು ನಂಬಿರಲಿ. ಕೋರ್ಟಿಗೆ ಅರ್ಜಿ ಹಾಕೋದಕ್ಕೂ ತಯಾರಾಗಿರಲಿ.

ಆದರೆ ಪೋನಿಯಾಟೊವ್ಸ್ಕಿ ಅನ್ನೋ ರಾಜಕುಮಾರ ತನ್ನ ಕಾಲದ ಕುಶಲಕರ್ಮಿಗಳಿಂದ 2,500ರಷ್ಟು ಹರಳು ಕೆತ್ತಿಸಿದ್ದ. ಹೋಮರನ ಕತೆಯ ದೃಶ್ಯಗಳು, ಕೆಳಗೆ ಹಳೆಯ ಗ್ರೀಕ್ ಕಲಾವಿದರ ಹೆಸರು. 1839ರಲ್ಲಿ ಅವು ಹರಾಜಾಗಿ ಎಲ್ಲೆಲ್ಲೋ ಚದುರಿದವು. ಹೊಸವು ಅಂತ ಜಗತ್ತಿಗೆ ಗೊತ್ತಾದ ಮೇಲೆ ಬೆಲೆ ಬಿದ್ದುಹೋಯ್ತು. ನಿಮ್ಮ ನಾಯಕಿ ಆ ಪೆಟ್ಟಿಗೆ ತೆರೆದು, ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾಳೆ. ದೃಶ್ಯ ತೀರಾ ನಾಜೂಕು, ಸವೆತ ಇಲ್ಲ, ಹೆಚ್ಚುಕಡಿಮೆ ಎಲ್ಲದರ ಮೇಲೂ ಹೆಸರು. ನಿಜವಾದ ಹಳೆಯ ಹರಳುಗಳಲ್ಲಿ ಹೆಸರು ಇರೋದೇ ಅಪರೂಪ. ಅವಳಿಗೆ ಕೂಡಲೇ ಗೊತ್ತಾಗುತ್ತೆ. ಪಕ್ಕದಲ್ಲಿ ಅವನು ನಿಂತಿದ್ದಾನೆ, ಬಾಗಿಲ ಬಳಿ ತಾಯಿ ಇದ್ದಾಳೆ. ಅವಳು ಅಲ್ಲೇ ಹೇಳಬೇಕಾ, ಅಥವಾ ಅವನೊಬ್ಬನನ್ನೇ ಹೊರಗೆ ಕರೆದು ಹೇಳಬೇಕಾ, ಅದನ್ನು ನೀವು ಬರೆಯಿರಿ. ಕೋರ್ಟಿನ ಅರ್ಜಿಯ ಭಾಷೆ ಬೇಕಾದರೆ ಕೇಳಿ, ಕೊಡುತ್ತೇನೆ.