ಬೆಳ್ಳಕ್ಕಿ, ಕೊಕ್ಕರೆ, ಬಕ: ನಿಮ್ಮ ಕಡೆ ಯಾವುದಕ್ಕೆ ಏನಂತೀರಿ?

ಬಳಗದ ಎಲ್ಲರಿಗೂ ನಮಸ್ಕಾರ.

ಹಕ್ಕಿ ಹೆಸರುಗಳ ಬಗ್ಗೆ ಒಂದು ಪ್ರಶ್ನೆ. ಹೇಳೋದು ಸ್ವಲ್ಪ ಜಾಸ್ತಿ ಇದೆ, ದಯವಿಟ್ಟು ಪೂರ್ತಿ ಓದಿ.

ಹೋದ ವರ್ಷ ನಾಟಿ ಸಮಯಕ್ಕೆ ಪಾಂಡವಪುರದ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಜೊತೆಗೆ ತಂಗಿಯ ಮಗಳು ಇದ್ದಳು. ಮೈಸೂರಲ್ಲೇ ಹುಟ್ಟಿ ಬೆಳೆದ ಹುಡುಗಿ. ನಾಲೆಗೆ ನೀರು ಬಿಟ್ಟಿದ್ದರು. ಗದ್ದೆಯಲ್ಲಿ ಟಿಲ್ಲರ್ ಓಡುತ್ತಿತ್ತು. ಅದರ ಹಿಂದೆಯೇ ಮೂವತ್ತು ನಲವತ್ತು ಬಿಳಿ ಹಕ್ಕಿಗಳು. ಕೆಸರು ಮಗುಚಿದ ಕಡೆ ಓಡಿ ಬಂದು ಹುಳ ಹೆಕ್ಕುತ್ತಿದ್ದವು. ಟಿಲ್ಲರ್ ತಿರುಗಿದರೆ ಅವೂ ತಿರುಗುತ್ತಿದ್ದವು.

"ಮಾಮ, ಎಷ್ಟೊಂದು ಕೊಕ್ಕರೆ ನೋಡಿ!" ಅಂದಳು.

ಬದುವಿನ ಮೇಲೆ ಕೂತಿದ್ದ ನಮ್ಮ ಅವ್ವ ತಕ್ಷಣ ತಿದ್ದಿದರು. "ಕೊಕ್ರೆ ಅಲ್ಲ ಕಣವ್ವ, ಅದು ಬೆಳ್ಳಕ್ಕಿ. ಕೊಕ್ರೆ ಅಂದ್ರೆ ಅಷ್ಟೆತ್ತರ ಇರ್ತವೆ. ಬೆಳ್ಳೂರಲ್ಲಿ ಹುಣಸೇಮರದ ಮೇಲೆ ಗೂಡು ಕಟ್ಟಲ್ವಾ, ಅವು."

ಟಿಲ್ಲರ್ ಹೊಡೆಯುತ್ತಿದ್ದವರು ಕೆ.ಆರ್.ಪೇಟೆ ಕಡೆಯವರು. ಗಾಡಿ ನಿಲ್ಲಿಸಿ ನೀರು ಕುಡಿಯೋಕೆ ಬಂದಿದ್ದರು. "ಅಯ್ಯೋ ಬುಡು ದೊಡ್ಡವ್ವ, ನಮ್ಮ ಕಡೆ ಇದ್ಕೂ ಕೊಕ್ರೆ ಅಂತಲೇ ಅನ್ನಾದು" ಅಂದರು.

ಹುಡುಗಿ ನನ್ನ ಮುಖ ನೋಡಿದಳು. ಯಾರು ಹೇಳಿದ್ದು ಸರಿ? ಅವತ್ತು ನಾನು ಅವ್ವನ ಪರವಾಗಿ ಮಾತಾಡಿದೆ. ಆಮೇಲೆ ಯೋಚನೆ ಮಾಡುತ್ತಾ ಹೋದಂತೆ ವಿಷಯ ಅಷ್ಟು ಸುಲಭವಾಗಿ ಇಲ್ಲ ಅನ್ನಿಸಿತು. ಅದಕ್ಕೇ ಈ ಪತ್ರ.

ಮೊದಲು ಹಕ್ಕಿ ನೋಡುವವರು ಮಾಡಿಕೊಂಡಿರುವ ಲೆಕ್ಕ ಹೇಳಿಬಿಡುತ್ತೇನೆ. ಹಕ್ಕಿ ಪುಸ್ತಕಗಳಲ್ಲಿ ಕೊಕ್ಕರೆ, ಬಕ, ಬೆಳ್ಳಕ್ಕಿ ಮೂರೂ ಬೇರೆ ಬೇರೆ. ರಂಗನತಿಟ್ಟಿನಲ್ಲಿ, ಕೊಕ್ಕರೆಬೆಳ್ಳೂರಿನಲ್ಲಿ ಗೂಡು ಕಟ್ಟುವ ದೊಡ್ಡ ಹಕ್ಕಿ ಬಣ್ಣದ ಕೊಕ್ಕರೆ. ನಿಂತರೆ ಮೂರಡಿ. ಹಳದಿ ಕೊಕ್ಕು, ತುದಿಯಲ್ಲಿ ಚೂರು ಕೆಳಕ್ಕೆ ಬಾಗಿರುತ್ತೆ. ಮುಖಕ್ಕೆ ಪುಕ್ಕ ಇಲ್ಲ, ಕಿತ್ತಳೆ ಬಣ್ಣದ ಚರ್ಮ. ರೆಕ್ಕೆಯ ಹಿಂಭಾಗದಲ್ಲಿ ಗುಲಾಬಿ ಬಣ್ಣ ಬಳಿದಂತೆ ಕಾಣುತ್ತೆ, ಹೆಸರು ಬಂದಿದ್ದೂ ಅದರಿಂದಲೇ. ಗದ್ದೆಯ ಬಿಳಿ ಹಕ್ಕಿಗಳು ಬೆಳ್ಳಕ್ಕಿಗಳು. ಅದರಲ್ಲೂ ದನದ ಹಿಂದೆ, ಟಿಲ್ಲರ್ ಹಿಂದೆ ಬರುವುದಕ್ಕೆ ಗೋವಕ್ಕಿ ಅನ್ನುತ್ತಾರೆ. ಮಳೆಗಾಲದಲ್ಲಿ ಮರಿ ಮಾಡುವಾಗ ಅದರ ತಲೆ, ಕತ್ತು, ಬೆನ್ನು ಅರಿಶಿನ ಕುಂಕುಮ ಕಲಸಿ ಹಚ್ಚಿದ ಹಾಗೆ ಆಗುತ್ತೆ. ಇನ್ನು ಕೆರೆ ಅಂಚಿನಲ್ಲಿ ಮಣ್ಣಿನ ಬಣ್ಣದಲ್ಲಿ ಮುದುರಿ ಕೂತಿರೋದು ಕೊಳದ ಬಕ. ಕೂತಿದ್ದಾಗ ಕಣ್ಣಿಗೇ ಬೀಳಲ್ಲ. ಎದ್ದು ಹಾರಿದರೆ ಫಕ್ಕನೆ ಬಿಳಿ ರೆಕ್ಕೆ ತೆರೆದುಕೊಳ್ಳುತ್ತೆ.

ದೂರದಿಂದ ಗುರುತು ಹಿಡಿಯೋಕೆ ಒಂದು ಸುಲಭ ಉಪಾಯ ಇದೆ. ಮೈಸೂರಿನಲ್ಲಿ ನಮ್ಮ ಮನೆ ತಾರಸಿ ಮೇಲೆ ಸಂಜೆ ನಿಂತರೆ ಕುಕ್ಕರಹಳ್ಳಿ ಕೆರೆ ಕಡೆ ಹೋಗುವ ಸಾಲು ಕಾಣುತ್ತೆ. ಆಗ ಬಣ್ಣ ತಿಳಿಯಲ್ಲ, ಬರೀ ನೆರಳು. ಕತ್ತು ನೋಡಬೇಕು. ಕತ್ತನ್ನು ಮಡಚಿ ಎದೆಗೆ ಒತ್ತಿಕೊಂಡು ಹಾರಿದರೆ ಬೆಳ್ಳಕ್ಕಿ ಇಲ್ಲಾ ಬಕ. ನೇರ ಚಾಚಿಕೊಂಡು ಹಾರಿದರೆ ಕೊಕ್ಕರೆ. ಕೆಂಬರಲು (ಐಬಿಸ್) ಅನ್ನೋ ಹಕ್ಕಿ ಕೂಡ ಕತ್ತು ಚಾಚಿಯೇ ಹಾರುತ್ತೆ, ಆದರೆ ಅದರ ಕೊಕ್ಕು ಕುಡುಗೋಲಿನ ಹಾಗೆ ಬಾಗಿರುತ್ತೆ. ತಂಗಿಯ ಮಗಳು ಒಂದೇ ವಾರದಲ್ಲಿ ಇದನ್ನು ಕಲಿತಳು. ಈಗ ನನಗಿಂತ ಮೊದಲು ಅವಳೇ "ಕತ್ತು ಮಡಚಿದೆ ಮಾಮ, ಬೆಳ್ಳಕ್ಕಿ" ಅನ್ನುತ್ತಾಳೆ.

ಮೀನು ಹಿಡಿಯುವ ರೀತಿಯೂ ಬೇರೆ. ಬಕ ಅಲುಗಾಡದೆ ನಿಂತು ಕಾಯುತ್ತೆ. ಮೀನು ಹತ್ತಿರ ಬಂದರೆ ಒಂದೇ ಏಟು. ಬಕಧ್ಯಾನ ಅನ್ನೋ ಮಾತು, "ಬಕಪಕ್ಷಿ ಹಾಗೆ ಕಾಯ್ತಾ ಕೂತ" ಅನ್ನೋ ಮಾತು ಹುಟ್ಟಿದ್ದು ಇದನ್ನು ನೋಡಿಯೇ. ಬಣ್ಣದ ಕೊಕ್ಕರೆ ಹಾಗೆ ಕಾಯಲ್ಲ. ಕೊಕ್ಕು ಅರೆ ತೆರೆದು ನೀರಿಗಿಟ್ಟು ಅತ್ತಿಂದಿತ್ತ ಆಡಿಸುತ್ತಾ ನಡೆಯುತ್ತೆ. ಕೊಕ್ಕಿಗೆ ಮೀನು ತಗುಲಿದ ಕೂಡಲೇ ಕಚ್ಚುತ್ತೆ. ಕಣ್ಣಿಗಿಂತ ಮುಟ್ಟಿ ಹುಡುಕೋದೇ ಜಾಸ್ತಿ. ಅಂದಮೇಲೆ ಕೊಕ್ಕರೆಗೆ ಬಕಧ್ಯಾನ ಹೊಂದಲ್ಲ. ಗಾದೆ ಮಾತಿನ ಹಿಂದೆ ಇಷ್ಟು ಸರಿಯಾದ ನೋಟ ಇದೆ ಅಂತ ಗೊತ್ತಾದಾಗ ನನಗೆ ಬಹಳ ಸಂತೋಷವಾಯಿತು.

ಇಲ್ಲಿಯವರೆಗೆ ಅವ್ವನದೇ ಸರಿ ಅನ್ನಿಸುತ್ತೆ, ಅಲ್ವಾ? ಆದರೆ ಪದದ ಬೇರು ನೋಡಿದರೆ ಟಿಲ್ಲರಿನವರ ಮಾತಿಗೂ ಬಲ ಇದೆ.

ಕೊಕ್ಕರೆ ಅನ್ನೋದು ನಮ್ಮದೇ ಹಳೆಯ ದ್ರಾವಿಡ ಪದ. ತೆಲುಗಿನಲ್ಲಿ ಕೊಂಗ. ಅವರಿಗೆ ನೀರಿನಲ್ಲಿ ನಡೆಯುವ ಉದ್ದ ಕಾಲಿನ ಹಕ್ಕಿಗಳಲ್ಲಿ ಬಹುಪಾಲು ಕೊಂಗವೇ. ತಮಿಳಿನಲ್ಲಿ ಕೊಕ್ಕು. ಮಜಾ ಇರೋದು ಇಲ್ಲಿ. ತಮಿಳರ ಕೊಕ್ಕು ನಮ್ಮ ಅವ್ವನ ಬೆಳ್ಳಕ್ಕಿ. ಗೋವಕ್ಕಿಗೆ ಅವರು ಉಣ್ಣಿಕೊಕ್ಕು ಅನ್ನುತ್ತಾರೆ. ದನದ ಮೈಮೇಲಿನ ಉಣ್ಣಿ ಹೆಕ್ಕುವ ಕೊಕ್ಕು. ಉಣ್ಣಿ ನಮಗೂ ಗೊತ್ತಿರುವ ಪದವೇ. ಬಣ್ಣದ ಕೊಕ್ಕರೆಯಂಥ ದೊಡ್ಡ ಹಕ್ಕಿಗೆ ಅವರು ನಾರೈ ಅನ್ನುತ್ತಾರೆ. ಅಂದರೆ ಒಂದೇ ಬೇರಿನ ಪದ ಅಲ್ಲಿ ಗದ್ದೆಯ ಸಣ್ಣ ಬಿಳಿ ಹಕ್ಕಿಗೆ ನಿಂತಿದೆ, ಇಲ್ಲಿಯ ಪುಸ್ತಕಗಳಲ್ಲಿ ಮರದ ಮೇಲಿನ ದೊಡ್ಡ ಹಕ್ಕಿಗೆ ನಿಂತಿದೆ. ಗದ್ದೆಯ ಹಕ್ಕಿಗೆ ಕೊಕ್ಕರೆ ಅನ್ನುವವರನ್ನು ತಪ್ಪು ಅನ್ನೋಕೆ ನನಗೆ ಬಾಯಿ ಬರಲ್ಲ.

ಕೊಕ್ಕು ಇರೋದರಿಂದ ಕೊಕ್ಕರೆ ಅಂತ ಎಷ್ಟೋ ಜನ ಹೇಳುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ಆದರೆ ತಮಿಳಿನಲ್ಲಿ ಹಕ್ಕಿಯ ಮೂತಿಗೆ ಅಲಗು ಅನ್ನೋ ಪದ ಇದೆ, ಕೊಕ್ಕು ಅಂದರೆ ಹಕ್ಕಿಯೇ. ಹಾಗಾಗಿ ಆ ವಿವರಣೆಯನ್ನು ಸುಮ್ನೆ ಒಪ್ಪಿಕೊಳ್ಳೋಕೆ ಈಗ ಮನಸ್ಸಾಗುತ್ತಿಲ್ಲ.

ಬೆಳ್ಳಕ್ಕಿ ಮಾತ್ರ ಬಿಡಿಸಿ ಹೇಳೋಕೆ ಕಷ್ಟವೇ ಇಲ್ಲದ ಪದ. ಬೆಳ್ ಅಂದರೆ ಬಿಳಿ. ಬೆಳ್ಳಿ, ಬೆಳ್ಳುಳ್ಳಿ, ಬೆಳ್ದಿಂಗಳು, ಶ್ರವಣಬೆಳ್ಗೊಳ, ಎಲ್ಲದರಲ್ಲೂ ಅದೇ ಬೆಳ್. ಬಕ ಸಂಸ್ಕೃತದಿಂದ ಬಂದಿದ್ದು. ಭಾಗವತದಲ್ಲಿ ಕೃಷ್ಣ ಕೊಕ್ಕು ಸೀಳಿ ಕೊಂದ ಬಕಾಸುರ ಹಕ್ಕಿಯ ರೂಪದವನೇ. ಭೀಮ ಕೊಂದ ಹೊಟ್ಟೆಬಾಕ ಬೇರೆ.

ಗೊಂದಲ ಜಾಸ್ತಿ ಆಗಿದ್ದು ಮಕ್ಕಳ ಕಥೆಗಳಿಂದ ಅಂತ ನನ್ನ ಅನಿಸಿಕೆ. ಪಂಚತಂತ್ರದಲ್ಲಿ ತಪಸ್ವಿಯ ವೇಷ ಹಾಕಿ ಕೆರೆಯ ಮೀನುಗಳನ್ನು ಒಂದೊಂದಾಗಿ ಹೊತ್ತುಕೊಂಡು ಹೋಗಿ ತಿನ್ನುವ ಹಕ್ಕಿ ಇದೆಯಲ್ಲ, ಕೊನೆಗೆ ಏಡಿ ಅದರ ಕತ್ತು ಕತ್ತರಿಸುತ್ತೆ, ಅದು ಸಂಸ್ಕೃತದಲ್ಲಿ ಬಕ. ನರಿ ತಟ್ಟೆಯಲ್ಲಿ ಗಂಜಿ ಹಾಕಿ ಮೋಸ ಮಾಡಿದ್ದಕ್ಕೆ ಉದ್ದ ಕತ್ತಿನ ಹೂಜಿಯಲ್ಲಿ ಊಟ ಇಟ್ಟು ಸೇಡು ತೀರಿಸಿಕೊಂಡ ಹಕ್ಕಿ ಈಸೋಪನದು. ಅದು ನಿಜವಾದ ಕೊಕ್ಕರೆ. ಕನ್ನಡದಲ್ಲಿ ಎರಡು ಕಥೆಗೂ ಕೊಕ್ಕರೆ ಅಂತಲೇ ಹೆಸರಿಟ್ಟು, ಎರಡಕ್ಕೂ ಒಂದೇ ಬಿಳಿ ಹಕ್ಕಿಯ ಚಿತ್ರ ಬರೆದುಬಿಟ್ಟರು. ಅದನ್ನು ನೋಡಿ ಬೆಳೆದ ಮಗು ಗದ್ದೆಯಲ್ಲಿ ಬಿಳಿ ಹಕ್ಕಿ ಕಂಡರೆ ಕೊಕ್ಕರೆ ಅನ್ನದೆ ಇನ್ನೇನಂತೆ?

ನನ್ನ ಕಾಳಜಿ ಇರೋದು ಇಲ್ಲೇ. ಕೊಕ್ಕರೆ ಅನ್ನೋ ಪದ ಅಗಲ ಆದಷ್ಟೂ ಬೆಳ್ಳಕ್ಕಿ ಅನ್ನೋದು ಬಾಯಿಂದ ಜಾರುತ್ತಿದೆ. ಬೆಳ್ಳಕ್ಕಿ ಹೋದರೆ ಅದರ ಜೊತೆ ಇನ್ನೂ ಕೆಲವು ಹೋಗುತ್ತವೆ. ನಾವು ಚಿಕ್ಕವರಿದ್ದಾಗ ಸಂಜೆ ಬೆಳ್ಳಕ್ಕಿ ಸಾಲು ಬಂದರೆ ಎರಡೂ ಕೈ ಮೇಲೆತ್ತಿ ಉಗುರು ತೋರಿಸಿ ಕೂಗುತ್ತಿದ್ದೆವು. ಉಗುರಿನ ಮೇಲೆ ಬಿಳಿ ಚುಕ್ಕೆ ಎದ್ದರೆ ಅದು ಬೆಳ್ಳಕ್ಕಿ ಕೊಟ್ಟಿದ್ದು. ಯಾರಿಗೆ ಜಾಸ್ತಿ ಚುಕ್ಕೆ ಬಂದಿದೆ ಅಂತ ಶಾಲೆಯಲ್ಲಿ ಎಣಿಸುತ್ತಿದ್ದೆವು. ನನ್ನ ಎಡಗೈ ಹೆಬ್ಬೆರಳಿನ ಮೇಲೆ ಒಂದು ಚುಕ್ಕೆ ಬಂದಿತ್ತು. ಉಗುರು ಬೆಳೆದ ಹಾಗೆ ಅದು ಮೇಲಕ್ಕೆ ಸರಿಯುತ್ತಾ ಹೋಯಿತು. ಕತ್ತರಿಸಬೇಕಾದ ದಿನ ಅತ್ತಿದ್ದೆ. ಈ ಆಟ ಬೆಳ್ಳಕ್ಕಿಯ ಹೆಸರಿಗೇ ಅಂಟಿಕೊಂಡಿದೆ. ಬಿಳಿ ಹಕ್ಕಿ, ಬಿಳಿ ಚುಕ್ಕೆ.

ಇನ್ನೊಂದು ಕಡೆ ಕೊಕ್ಕರೆ ಅನ್ನೋ ಪದವೂ ಗಟ್ಟಿಯಾಗಿ ಉಳಿದಿಲ್ಲ. ರಂಗನತಿಟ್ಟಿನಲ್ಲಿ ದೋಣಿ ಹತ್ತಿದರೆ "ಪೇಂಟೆಡ್ ಸ್ಟಾರ್ಕ್, ಪೆಲಿಕನ್" ಅನ್ನೋದೇ ಕೇಳಿಸಿತು. 1940ರಿಂದ ಪಕ್ಷಿಧಾಮ ಆಗಿರುವ ಜಾಗ, ಕನ್ನಡದ ತಿಟ್ಟು ಅನ್ನೋ ಪದವನ್ನು ಹೆಸರಿನಲ್ಲೇ ಇಟ್ಟುಕೊಂಡಿರುವ ಜಾಗ. ಕೊಕ್ಕರೆಬೆಳ್ಳೂರಿನಲ್ಲಿ ಹಾಗಲ್ಲ. ಅಲ್ಲಿ ಹಕ್ಕಿಗಳು ಊರ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಮರಿ ಮಾಡೋಕೆ ಬರುವ ಅವನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತ ಊರವರು ಹೇಳುತ್ತಾರೆ. ನಾಗಮಂಗಲ ತಾಲ್ಲೂಕಿನಲ್ಲಿ ಇನ್ನೊಂದು ಬೆಳ್ಳೂರು ಇದೆ. ಮದ್ದೂರು ತಾಲ್ಲೂಕಿನ ಈ ಬೆಳ್ಳೂರಿಗೆ ಗುರುತಾಗಿ ನಿಂತಿರೋದೇ ಕೊಕ್ಕರೆ. ಅಲ್ಲಿ ಪೆಲಿಕನ್‌ಗೆ ಹೆಜ್ಜಾರ್ಲೆ ಅನ್ನುತ್ತಾರೆ. ಎಂಥ ಚೆಂದದ ಪದ!

ಹೆಜ್ಜಾರ್ಲೆಯಲ್ಲಿರುವ ಹೆ ಅನ್ನೋದು ಹೆಜ್ಜೇನು, ಹೆದ್ದಾರಿ, ಹೆಬ್ಬಾವುಗಳಲ್ಲಿರುವ ಹಾಗೆ ದೊಡ್ಡದು ಅಂತ ಇರಬಹುದೇ? ಹಾಗಿದ್ದರೆ ಬರೀ ಜಾರ್ಲೆ ಯಾವುದು? ಆ ಹೆಸರಿನ ಸಣ್ಣ ಹಕ್ಕಿ ನಿಮ್ಮ ಕಡೆ ಯಾವುದಾದರೂ ಇದೆಯೇ? ಹಳಬರನ್ನು ಕೇಳಿ ತಿಳಿಸಿದರೆ ದೊಡ್ಡ ಉಪಕಾರ.

ಮುಖ್ಯ ಪ್ರಶ್ನೆ ಮಾತ್ರ ಮೊದಲಿನದೇ. ಟಿಲ್ಲರ್ ಹಿಂದೆ ಬರುವ ಬಿಳಿ ಹಕ್ಕಿಗೆ ನಿಮ್ಮ ಮನೆಯಲ್ಲಿ ಏನಂತಾರೆ? ಮಳವಳ್ಳಿ, ತಿ.ನರಸೀಪುರ, ಹುಣಸೂರು, ಎಚ್.ಡಿ.ಕೋಟೆ ಕಡೆಯವರು ಖಂಡಿತ ಬರೆಯಿರಿ. ಊರಿನ ಹೆಸರು ಹಾಕಿ. ನಾಲೆ ಬಯಲೋ, ಮಳೆ ನಂಬಿದ ಹೊಲವೋ ಅಂತಲೂ ಹೇಳಿ. ಗದ್ದೆ ಇರುವ ಕಡೆ ಬೆಳ್ಳಕ್ಕಿಯನ್ನು ದಿನಾ ನೋಡುತ್ತಾರೆ, ಹಾಗಾಗಿ ಅಲ್ಲಿ ಎರಡು ಹೆಸರೂ ಬೇರೆ ಬೇರೆಯಾಗಿ ಉಳಿದಿರಬೇಕು ಅಂತ ನನ್ನ ಊಹೆ. ಗೋವಕ್ಕಿ ಅನ್ನೋದನ್ನು ಊರಿನವರ ಬಾಯಲ್ಲಿ ಕೇಳಿದವರು ಇದ್ದರೆ ಅದನ್ನೂ ತಿಳಿಸಿ. ನಮ್ಮೂರಲ್ಲಿ ನಾನು ಕೇಳಿಲ್ಲ. ಉಗುರಿನ ಚುಕ್ಕೆಗೆ ನೀವು ಏನಂತ ಕೂಗುತ್ತಿದ್ದಿರಿ, ಬೆಳ್ಳಕ್ಕಿ ಅಂತಲೋ ಕೊಕ್ಕರೆ ಅಂತಲೋ, ಅದನ್ನು ಮರೆಯದೆ ಬರೆಯಿರಿ. ಅವ್ವನಿಗೆ ಓದಿ ಹೇಳಬೇಕು. ಬಂದ ಉತ್ತರಗಳನ್ನೆಲ್ಲ ಊರಿಗೆ ತಗೊಂಡು ಬಾ ಅಂತ ಹೇಳಿದ್ದಾರೆ.