ಮನೆಯ ಉತ್ತರ ಬದಿಯಲ್ಲಿ, ಮಾವಿನ ಮರದಡಿ ಹುಲ್ಲುಹಾಸು ಉಳಿಯುತ್ತಿಲ್ಲ: ವರ್ಷವಿಡೀ ಹಸಿರಾಗಿರುವ ನೆಲಹೊದಿಕೆ ಗಿಡ ಯಾವುದು?

ಹಿತ್ತಲವಾಸಿ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನಮ್ಮದು ದಕ್ಷಿಣಕ್ಕೆ ಮುಖ ಮಾಡಿರುವ, ಸುಮಾರು 20 ಅಡಿ ಎತ್ತರದ ಮಹಡಿ ಮನೆ. ಹಿಂಭಾಗದಲ್ಲಿ, ಅಂದರೆ ಉತ್ತರ ದಿಕ್ಕಿನಲ್ಲಿ, ಗೋಡೆಗೂ ಕಾಂಪೌಂಡಿಗೂ ನಡುವೆ 6 ಅಡಿ ಅಗಲ ಮತ್ತು 20 ಅಡಿ ಉದ್ದದ ಮಣ್ಣಿನ ಜಾಗವಿದೆ. ಅದರ ಪೂರ್ವದ ತುದಿಯಲ್ಲಿ ಹಳೆಯ ಮಾವಿನ ಮರವಿದೆ. ಪಶ್ಚಿಮದ ತುದಿಯಲ್ಲಿ ನಲ್ಲಿ ಮತ್ತು ಬಟ್ಟೆ ಒಗೆಯುವ ಕಲ್ಲು ಇವೆ. ಕಳೆದ ಮಳೆಗಾಲದಲ್ಲಿ ಹಾಸಿಸಿದ ಹುಲ್ಲು ಸಂಕ್ರಾಂತಿಯ ಹೊತ್ತಿಗೆ ಹಳದಿಯಾಗಿ, ಈಗ ಮರದಡಿಯಲ್ಲಿ ಬರಿಯ ಕೆಮ್ಮಣ್ಣು ಕಾಣುತ್ತಿದೆ, ಮಳೆ ಬಂದರೆ ಗೋಡೆಗೆಲ್ಲ ಕೆಸರು ಸಿಡಿಯುತ್ತಿದೆ. ಹತ್ತಿರದ ನರ್ಸರಿಯವರು ಹಳದಿ ಹೂವಿನ ವೆಡೇಲಿಯಾ ಬಳ್ಳಿಯನ್ನು ಕೊಟ್ಟು, ಇದು ಎಲ್ಲಿ ಬೇಕಾದರೂ ಬರುತ್ತದೆ ಎಂದರು. ಅದು ನಿಜಕ್ಕೂ ಬರುತ್ತಿದೆ, ಕಾಂಪೌಂಡಿನ ಆಚೆಗೂ ಇಣುಕುತ್ತಿದೆ. ಮನೆಯಲ್ಲಿ ನಾಯಿ ಇದೆ, ಅದು ಮಧ್ಯಾಹ್ನ ಅಲ್ಲಿಯೇ ಮಲಗುತ್ತದೆ. ಕಡಿಮೆ ನೀರಿನಲ್ಲಿ, ವರ್ಷವಿಡೀ ಹಸಿರಾಗಿರುವ ಒಂದೇ ಒಂದು ಗಿಡವನ್ನು ಇಡೀ ಜಾಗಕ್ಕೆ ಹಾಕಲು ಸಾಧ್ಯವೇ?

ಕೈತೋಟಿಗ, ಮೈಸೂರು

ಒಂದೇ ಗಿಡ ಸಾಧ್ಯವಿಲ್ಲ ಎಂದೇ ನನ್ನ ಅಭಿಪ್ರಾಯ, ಏಕೆಂದರೆ ತಾವು ವರ್ಣಿಸಿದ ಜಾಗ ನೋಡಲು ಒಂದೇ ಪಟ್ಟಿಯಾದರೂ ಗಿಡದ ಲೆಕ್ಕದಲ್ಲಿ ಮೂರು ಬೇರೆ ಬೇರೆ ಜಾಗಗಳು. ಮರದಡಿ ನೆರಳಿದೆ, ಆದರೆ ಒಣಗಿದೆ. ನಲ್ಲಿಯ ಬಳಿ ನೆರಳೂ ಇದೆ, ತೇವವೂ ಇದೆ. ನಡುವಿನ ಭಾಗ ಋತುವಿಗೆ ತಕ್ಕಂತೆ ಬದಲಾಗುತ್ತದೆ, ಹೆಚ್ಚಿನವರು ಎಡವುವುದು ಅಲ್ಲಿಯೇ.

ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ ಕೊನೆಯಲ್ಲಿ ನಡುಮಧ್ಯಾಹ್ನವೂ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ 20 ಅಡಿ ಎತ್ತರದ ಮನೆಯ ನೆರಳು ಉತ್ತರಕ್ಕೆ ಸುಮಾರು 15 ಅಡಿಯವರೆಗೆ ಚಾಚುತ್ತದೆ. ತಮ್ಮ 6 ಅಡಿಯ ಪಟ್ಟಿ ಪೂರ್ತಿ ಅದರೊಳಗೆ ಮುಳುಗುತ್ತದೆ. ಹುಲ್ಲು ಸಂಕ್ರಾಂತಿಗೆ ಹಳದಿಯಾಗಲು ಮುಖ್ಯ ಕಾರಣ ಇದೇ ಇರಬೇಕು. ಗೊಬ್ಬರ ಹಾಕಿದರೂ ಅದು ಚೇತರಿಸಿಕೊಳ್ಳುತ್ತಿರಲಿಲ್ಲ. ಆದರೆ ಏಪ್ರಿಲ್ 24ರ ಸುಮಾರಿಗೆ ಸೂರ್ಯ ನೆತ್ತಿಯನ್ನು ದಾಟಿ ಉತ್ತರಕ್ಕೆ ಹೋಗುತ್ತಾನೆ, ಆಗಸ್ಟ್ 18ರ ಸುಮಾರಿಗೆ ಮರಳುತ್ತಾನೆ. ನಗರದವರು ನೆರಳಿಲ್ಲದ ದಿನವೆಂದು ಕಂಬ ನೆಟ್ಟು ನೋಡುವುದು ಈ ಎರಡು ದಿನಗಳನ್ನೇ. ಈ ನಡುವಿನ ಅವಧಿಯಲ್ಲಿ ಉತ್ತರದ ಹಿತ್ತಲಿಗೆ ನೇರ ಬಿಸಿಲು ಬೀಳುತ್ತದೆ. ಹಾಗಾಗಿ ಜನವರಿಯಲ್ಲಿ ನೋಡಿ ನೆರಳಿನ ಗಿಡವನ್ನು ಆರಿಸಿದವರ ಎಲೆ ಮೇ ತಿಂಗಳಲ್ಲಿ ಸುಡುತ್ತದೆ, ಮೇ ತಿಂಗಳಲ್ಲಿ ನೋಡಿ ಬಿಸಿಲಿನ ಗಿಡವನ್ನು ಆರಿಸಿದವರ ಗಿಡ ಚಳಿಗಾಲದಲ್ಲಿ ಸೊರಗುತ್ತದೆ.

ಇನ್ನು ಮರದಡಿಯ ಭಾಗ. ಅಲ್ಲಿ ಒಣಗಿದ ಹುಲ್ಲಿನ ಒಂದು ಹಿಡಿಯನ್ನು ಮಣ್ಣಿನ ಸಮೇತ ಎತ್ತಿ ನೋಡಿ. ಹುಲ್ಲಿನ ಬೇರಿಗಿಂತ ಕಂದು ಬಣ್ಣದ, ಕೂದಲಿನಷ್ಟು ತೆಳ್ಳನೆಯ ಮಾವಿನ ಬೇರುಗಳೇ ಹೆಚ್ಚಾಗಿ ಹೆಣೆದುಕೊಂಡಿದ್ದರೆ, ತಾವು ಹಾಕಿದ ನೀರನ್ನೆಲ್ಲ ಮರ ಕುಡಿದಿದೆ ಎಂದರ್ಥ. ಇಂತಹ ಜಾಗಕ್ಕೆ ಸ್ಪೈಡರ್ ಪ್ಲಾಂಟ್ ಸೂಕ್ತ. ಅದರ ಬೇರುಗಳು ದಪ್ಪಗೆ ಗೆಡ್ಡೆಯಂತಿದ್ದು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ, ನಾಯಿ ಎಲೆಯನ್ನು ಕಚ್ಚಿದರೂ ವಿಷವಿಲ್ಲ. ಇನ್ನೊಂದು ಅನುಕೂಲವೂ ಇದೆ: ಮಾವಿನ ಎಲೆಗಳು ಉದ್ದವಾಗಿದ್ದು, ಒದ್ದೆಯಾದಾಗ ನೆಲಕ್ಕೆ ಅಂಟಿ ತೀರ ಗಿಡ್ಡನೆಯ ಬಳ್ಳಿಗಳನ್ನು ಉಸಿರುಗಟ್ಟಿಸುತ್ತವೆ. ಮುಂಗೈಯಷ್ಟು ಎತ್ತರದ ಗಿಡವಾದರೆ ಎಲೆಗಳು ಬುಡದ ನಡುವೆ ಜಾರಿ, ಅಲ್ಲಿಯೇ ಕೊಳೆತು ಮುಚ್ಚಿಗೆಯಾಗುತ್ತವೆ, ಗುಡಿಸುವ ಕೆಲಸವೂ ತಪ್ಪುತ್ತದೆ.

ಅಡಿಕೆತೋಟ, ಪುತ್ತೂರು

ಪಿಂಟೊಯಿಯನ್ನು ಯಾರೂ ಹೇಳಲಿಲ್ಲವಲ್ಲ. ಬ್ರೆಜಿಲ್ ಮೂಲದ ಈ ಕಾಡುಕಡಲೆ ನಮ್ಮ ಅಡಿಕೆ ತೋಟದ ನೆರಳಿನಲ್ಲಿ ದಟ್ಟವಾಗಿ ಹಬ್ಬಿದೆ. ಚಿಕ್ಕ ಹಳದಿ ಹೂ ಬಿಡುತ್ತದೆ, ದ್ವಿದಳ ಜಾತಿಯಾದ್ದರಿಂದ ಗಾಳಿಯ ಸಾರಜನಕವನ್ನೂ ಮಣ್ಣಿಗೆ ಸೇರಿಸುತ್ತದೆ. ತುಳಿದಾಟವನ್ನೂ ತಕ್ಕಮಟ್ಟಿಗೆ ತಡೆಯುತ್ತದೆ. ಗಂಟು ಸಹಿತ ಕಾಂಡದ ತುಂಡನ್ನು ಮಳೆಗಾಲದಲ್ಲಿ ಊರಿದರೆ ಸಾಕು.

ಕೈತೋಟಿಗ, ಮೈಸೂರು

ಅಡಿಕೆತೋಟದವರ ಮಾತು ಸರಿಯೇ, ಆದರೆ ಅವರ ತೋಟಕ್ಕೆ ಬೇಸಿಗೆಯಲ್ಲೂ ಸ್ಪ್ರಿಂಕ್ಲರಿನ ನೀರು ಸಿಗುತ್ತಿರಬೇಕು. ನೀರೇ ಇಲ್ಲದೆ ಏಪ್ರಿಲ್ ಕಳೆಯಬೇಕಾದರೆ ಪಿಂಟೊಯಿ ಎಲೆ ಉದುರಿಸುತ್ತದೆ. ನಮ್ಮ ಕಡೆ ನಿತ್ಯಹಸಿರು ಎಂಬ ಮಾತಿಗೆ ಹಿಮದ ಪರೀಕ್ಷೆಯಿಲ್ಲ, ಇರುವುದು ಈ ಏಪ್ರಿಲ್ ಪರೀಕ್ಷೆ ಮಾತ್ರ. ಆದರೂ ಹಿತ್ತಲವಾಸಿಯವರ ನಡುವಿನ ಭಾಗಕ್ಕೆ ನಾನು ಪಿಂಟೊಯಿಯನ್ನೇ ಆರಿಸುತ್ತೇನೆ. ಅದು ಮೇ ತಿಂಗಳ ಬಿಸಿಲನ್ನೂ ಒಪ್ಪುತ್ತದೆ, ಡಿಸೆಂಬರಿನ ನೆರಳಿನಲ್ಲಿ ಹೂ ಕಡಿಮೆಯಾಗಿ ಕಾಂಡ ನೀಳವಾದರೂ ಸಾಯುವುದಿಲ್ಲ. ನಲ್ಲಿ ಹತ್ತಿರವಿರುವುದರಿಂದ ಬೇಸಿಗೆಯಲ್ಲಿ ಆಗಾಗ ನೀರುಣಿಸುವುದೂ ಕಷ್ಟವಲ್ಲ. ನಾಯಿ ಪ್ರತಿದಿನ ನಡೆಯುವ ದಾರಿಯಲ್ಲಿ ಮಾತ್ರ ಯಾವ ಗಿಡವೂ ನಿಲ್ಲುವುದಿಲ್ಲ, ಅಲ್ಲಿ ನಾಲ್ಕು ಚಪ್ಪಡಿ ಕಲ್ಲು ಹಾಕಿಬಿಡಿ.

ನಲ್ಲಿಯ ಬಳಿ ಒಂದೆಲಗ ಹಾಕಬಹುದು. ತೇವವಿರುವವರೆಗೆ ಅದು ಹಸಿರಾಗಿಯೇ ಇರುತ್ತದೆ. ಸೋಪಿನ ನೀರು ಹರಿಯುವ ಜಾಗದ ಸೊಪ್ಪನ್ನು ಮಾತ್ರ ದಯವಿಟ್ಟು ತಂಬುಳಿಗೆ ಬಳಸಬೇಡಿ.

ನರ್ಸರಿಯಲ್ಲಿ ನೇರಳೆ ಬಣ್ಣದ ರೋಯೋ ಗಿಡವನ್ನು ತೋರಿಸಿ ಮನ ಒಲಿಸುತ್ತಾರೆ. ಬರ ತಡೆಯುವುದರಲ್ಲಿ ಅದು ಗಟ್ಟಿಯಾದರೂ ಅದರ ರಸ ತಾಗಿದ ನಾಯಿಗಳಿಗೆ ತುರಿಕೆ ಏಳುವುದುಂಟು. ಸಿಂಗೋನಿಯಂ ಮತ್ತು ಮನಿಪ್ಲಾಂಟ್ ಕೂಡ ಬೇಡ: ಕಚ್ಚಿದರೆ ನಾಯಿಯ ಬಾಯಿ ಉರಿಯುತ್ತದೆ, ಬಿಟ್ಟರೆ ಮಾವಿನ ಕಾಂಡವನ್ನು ಹತ್ತುತ್ತವೆ.

ವೆಡೇಲಿಯಾವನ್ನು ಮೊದಲು ತೆಗೆಯಿರಿ. ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ಭಾಗದಿಂದ ಬಂದ ಈ ಬಳ್ಳಿ ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ನೆಲ ಮುಟ್ಟಿದ ಪ್ರತಿ ಗಂಟಿನಲ್ಲೂ ಬೇರು ಬಿಡುವುದರಿಂದ, ಬಳ್ಳಿಯ ತುದಿಯನ್ನು ಹಿಡಿದು ಎಳೆದರೆ ಪಟಪಟನೆ ತುಂಡಾಗಿ ಅರ್ಧ ನೆಲದಲ್ಲೇ ಉಳಿಯುತ್ತದೆ, ಉಳಿದ ಒಂದು ಗಂಟು ಮತ್ತೆ ಚಿಗುರುತ್ತದೆ. ಮಳೆ ಬಿದ್ದು ಮಣ್ಣು ಸಡಿಲವಾದ ಮರುದಿನ ಕುರ್ಪಿಯಿಂದ ಒಂದೊಂದೇ ಗಂಟನ್ನು ಎಬ್ಬಿಸಿ ಕೀಳಬೇಕು. ಕಿತ್ತದ್ದನ್ನು ಹಸಿಯಾಗಿ ಗೊಬ್ಬರದ ಗುಂಡಿಗೋ ಖಾಲಿ ಸೈಟಿಗೋ ಎಸೆಯದೆ, ತಾರಸಿಯ ಮೇಲೆ ಹರಡಿ ಗರಿಗರಿಯಾಗುವವರೆಗೆ ಒಣಗಿಸಿ.

ಹಿತ್ತಲವಾಸಿ, ಬೆಂಗಳೂರು

ತುಂಬ ಉಪಕಾರವಾಯಿತು. ಮರದಡಿಗೆ ಎರಡು ಲೋಡು ಹೊಸ ಕೆಮ್ಮಣ್ಣು ಹಾಕಿಸಿ, ಅದರ ಮೇಲೆ ನೆಟ್ಟು, ಚಳಿಗಾಲದಲ್ಲೂ ದಿನವೂ ನೀರು ಹಾಕಿದರೆ ಬೇಗ ತುಂಬಿಕೊಳ್ಳುತ್ತದೆಯೇ? ಒಟ್ಟು ಎಷ್ಟು ಗಿಡ ಬೇಕಾಗಬಹುದು?

ಕೈತೋಟಿಗ, ಮೈಸೂರು

ಎರಡನ್ನೂ ಮಾಡಬೇಡಿ. ಮಾವಿನ ನೀರುಂಬುವ ಬೇರುಗಳು ಮೇಲ್ಪದರದಲ್ಲಿಯೇ ಇರುತ್ತವೆ. ಅವುಗಳ ಮೇಲೆ ಮಣ್ಣು ಪೇರಿಸಿದರೆ ಗಾಳಿಯಾಡದೆ ಮರ ಸೊರಗುತ್ತದೆ, ಕಾಂಡಕ್ಕೆ ಮಣ್ಣು ತಾಗಿದರೆ ತೊಗಟೆ ಕೊಳೆಯುತ್ತದೆ. ಕಾಂಡದ ಸುತ್ತ ಎರಡು ಅಡಿ ಖಾಲಿ ಬಿಟ್ಟು, ದಪ್ಪ ಬೇರುಗಳ ನಡುವೆ ಸಿಗುವ ಸಂದುಗಳಲ್ಲಿ ಕುರ್ಪಿಯಿಂದ ಸಣ್ಣ ಗುಳಿ ಮಾಡಿ, ಒಂದು ಹಿಡಿ ಎರೆಗೊಬ್ಬರದೊಂದಿಗೆ ನೆಡಿ. ನೀರಿನ ವಿಷಯವಾಗಿ ಹೇಳುವುದಾದರೆ, ಮಳೆ ನಿಂತ ಮೇಲೆ ಮಾವಿಗೆ ಕೆಲವು ವಾರಗಳ ಒಣಹವೆ ಸಿಕ್ಕರೆ ಹೂವು ಚೆನ್ನಾಗಿ ಬರುತ್ತದೆ. ನವೆಂಬರ್, ಡಿಸೆಂಬರಿನಲ್ಲಿ ಬುಡವನ್ನು ದಿನವೂ ತೋಯಿಸಿದರೆ ಹೂವಿನ ಬದಲು ಎಲೆ ಚಿಗುರುವ ಸಾಧ್ಯತೆಯೇ ಹೆಚ್ಚು. ಮರದಡಿಗೆ ಬರ ತಡೆಯುವ ಗಿಡವನ್ನು ಹೇಳಲು ಇದೂ ಒಂದು ಕಾರಣ.

ಮರದಡಿಯ 8 ಅಡಿ ಉದ್ದ, 6 ಅಡಿ ಅಗಲಕ್ಕೆ, ಚದರ ಅಡಿಗೊಂದರಂತೆ 48 ಗಿಡಗಳ ಜಾಗವಿದೆ, ಕಾಂಡದ ಸುತ್ತ ಬಿಡುವುದನ್ನು ಕಳೆದರೆ ಇನ್ನೂ ಕಡಿಮೆ. ಅಷ್ಟನ್ನೂ ಕೊಳ್ಳಬೇಕಿಲ್ಲ. ಚೆನ್ನಾಗಿ ಬೆಳೆದ ಕೆಲವು ಗಿಡಗಳನ್ನು ತಂದು ಕುಂಡದಲ್ಲಿಟ್ಟರೆ, ಅವು ಬಿಡುವ ಜೋತುಕಡ್ಡಿಗಳ ತುದಿಯಲ್ಲಿ ಮರಿಗಿಡಗಳು ಬರುತ್ತವೆ, ಅವನ್ನೇ ಜೂನ್ ಮಳೆ ಹಿಡಿದ ಮೇಲೆ ನೆಡಬಹುದು. ಬೆಂಗಳೂರಿನಲ್ಲಿ ಸೆಪ್ಟೆಂಬರ್‌, ಅಕ್ಟೋಬರ್ ಮಳೆಯೇ ಜೋರು. ಆ ಹೊತ್ತಿಗೆ ಬೇರು ಹಿಡಿದಿದ್ದರೆ ಮುಂದಿನ ಬೇಸಿಗೆಗೆ ಚಿಂತೆಯಿಲ್ಲ.

ಅಡಿಕೆತೋಟ, ಪುತ್ತೂರು

ಎಳೆಯ ಗಿಡಗಳಿಗೆ ಮಳೆಗಾಲದ ದೊಡ್ಡ ಆಫ್ರಿಕನ್ ಬಸವನಹುಳುವಿನ ಕಾಟವಿರುತ್ತದೆ. ಸಂಜೆ ಒದ್ದೆ ಗೋಣಿಚೀಲದಡಿ ಪಪ್ಪಾಯಿ ಎಲೆ ಇಟ್ಟರೆ ಬೆಳಗ್ಗೆ ಅಲ್ಲಿ ಸೇರಿರುತ್ತವೆ. ಕೈಗವಸು ಹಾಕಿಕೊಂಡು ಆರಿಸಿ, ಬಕೆಟ್ಟಿನ ಉಪ್ಪುನೀರಿಗೆ ಹಾಕಿ. ಪಾತಿಗೇ ಉಪ್ಪು ಎರಚಿದರೆ ಗಿಡವೂ ಹೋಗುತ್ತದೆ.

ಕೈತೋಟಿಗ, ಮೈಸೂರು

ಒಂದು ಮಾತು ಬಿಟ್ಟುಹೋಗಿತ್ತು. ಮಾವು ಹೂ ಬಿಟ್ಟಾಗ ಜಿಗಿಹುಳುಗಳು ಸುರಿಸುವ ಅಂಟು ಕೆಳಗಿನ ಎಲೆಗಳ ಮೇಲೆ ಬಿದ್ದು, ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಸ್ಪೈಡರ್ ಪ್ಲಾಂಟಿನ ಎಲೆ ಮಸಿ ಬಳಿದಂತೆ ಕಂಡರೆ ಗಿಡಕ್ಕೆ ರೋಗವೆಂದು ಭಾವಿಸಿ ಔಷಧಿ ಹೊಡೆಯಬೇಡಿ. ಒದ್ದೆ ಬಟ್ಟೆಯಿಂದ ಒರೆಸಿದರೆ ಅದು ಹೋಗುತ್ತದೆ, ಮೊದಲ ಬೇಸಿಗೆ ಮಳೆಯೂ ತೊಳೆಯುತ್ತದೆ. ನೋಡಿಕೊಳ್ಳಬೇಕಾದದ್ದು ಮೇಲಿನ ಹೂಗೊಂಚಲನ್ನು.