ಸಮಸ್ಯೆ: ಕರಿಮಸಿಯಿಂ ಸುರಿದುದಲ್ತೆ ಬೆಳ್ಮಂಜೆತ್ತಂ

ಸೂತ್ರಧಾರ: ಮೇಲಿನ ಸಾಲೇ ಕೊನೆಯದಾಗುವಂತೆ ಕಂದಪದ್ಯ ಪೂರೈಸಿ; ಕರಿಮಸಿಯಿಂದ ಬಿಳಿಹಿಮ ಸುರಿದದ್ದು ಹೇಗೆಂದು ಬಿಡಿಸಿ. ವಸ್ತು ಚೀನೀ ಹಿಮಚಿತ್ರ. ಹಿಮಾಲಯಕ್ಕೆ ಎಳೆದುಕೊಂಡು ಹೋಗಬೇಡಿ.

ಚಂಪೂಪ್ರಿಯೆ:
ಬರೆಯದೆ ಬಿಟ್ಟಾ ಪಟಮೇ
ಗಿರಿಗಂ ತರುಗಂ ದುಕೂಲಮಾಯ್ತೆನೆ ಬಾನೊಳ್
ಕರಗಿದ ಕರ್ಪಂ ಪರಪಲ್
ಕರಿಮಸಿಯಿಂ ಸುರಿದುದಲ್ತೆ ಬೆಳ್ಮಂಜೆತ್ತಂ

ಹಳೆಪೆನ್ನು: ಬರೆಯದೆ ಬಿಟ್ಟ ಪಟವೂ ರೇಷ್ಮೆ, ಹಿಮವಾಗಿ ಹೊದಿಸಿದ ದುಕೂಲವೂ ರೇಷ್ಮೆ. ಭಲೆ.

ಮಾತ್ರೆಗಳ್ಳ:
ತೊರೆಯೊಳ್ ದೋಣಿಯೊಳೊರ್ವಂ
ಅರಸುತೆ ಮೀನಂ ಕುಳಿರ್ಗೆ ಮುದುಡಿರೆ ಸುತ್ತಂ
ನೀರಂ ಬರೆಯದೆ ಬಿಡೆ ಕಾಣ್
ಕರಿಮಸಿಯಿಂ ಸುರಿದುದಲ್ತೆ ಬೆಳ್ಮಂಜೆತ್ತಂ

ಲಘುಗುರು: ಮೂರು ಸಿಂಹಗಳ ನಡುವೆ ಆನೆ ನುಗ್ಗಿದೆಯಲ್ಲ ಸ್ವಾಮಿ! ಉಳಿದ ಸಾಲುಗಳು ಲಘುವಿನಿಂದ ಶುರುವಾಗುವ ಸಿಂಹಪ್ರಾಸ, ‘ನೀರಂ’ ಮಾತ್ರ ಗುರುವಿನಿಂದ ಶುರುವಾಗುವ ಗಜಪ್ರಾಸ. ಜೊತೆಗೆ ‘ಕುಳಿರ್ಗೆ’ ಶಿಥಿಲ, ಒತ್ತಕ್ಷರವನ್ನು ತೇಲಿಸಿ ಓದಿದರೆ ಹಿಂದಿನ ‘ಳಿ’ ಲಘುವೇ. ನಾಲ್ಕು ಮಾತ್ರೆ ಇರಬೇಕಾದ ಆರನೆಯ ಗಣ ಮೂರೇ ಮಾತ್ರೆಗೆ ಕುಸಿಯಿತು.

ಮಾತ್ರೆಗಳ್ಳ: ಆನೆ ನನ್ನದೇ, ಒಪ್ಪಿದೆ. ಶಿಥಿಲ ವಿಕಲ್ಪ. ಹಿಂದೆ ನಿಮ್ಮ ‘ಬೆಮರ್ದು’ವನ್ನು ಬಿಗಿಯಾಗಿಯೇ ಓದಿಸಿದಿರಿ.

ಲಘುಗುರು: ಅಲ್ಲಿ ಬೇರೆ ದಾರಿ ಇರಲಿಲ್ಲ.

ಮಾತ್ರೆಗಳ್ಳ: ಇಲ್ಲಿ ಹೆದ್ದಾರಿ ಇದೆಯೋ?

ಚಂಪೂಪ್ರಿಯೆ: ಚೀನೀ ಕವಿ-ಚಿತ್ರಕಾರ ವಾಂಗ್ ವೇ ಹಿಮದಲ್ಲಿ ಬಾಳೆ ಬರೆದನೆಂದು ಜನ ಆಡಿಕೊಂಡಾಗ 11ನೆಯ ಶತಮಾನದ ವಿದ್ವಾಂಸ ಶೆನ್ ಕುವೊ ಅವನ ಪರ ನಿಂತ. ನಮಗೆ ಒಂದು ಆನೆ ಭಾರವೇ?

ಹಳೆಪೆನ್ನು: ಆನೆ ಇರಲಿ, ಹೊಳೆ ನೋಡಿ. ನಿಮ್ಮ ಪದ್ಯ ನೆನಪಿಸುವ ಒಂಟಿ ಗಾಳಗಾರನ ಚಿತ್ರ ಚೀನೀ ಚಿತ್ರಕಾರ ಮಾ ಯುವಾನನದೆಂದು ಹೇಳುವುದು, ಟೋಕಿಯೋ ಮ್ಯೂಸಿಯಮ್ಮಿನದು. ಅಲ್ಲಿ ಬರಿದಾಗಿರುವುದು ನೀರು, ಹಿಮವಲ್ಲ. ದೋಣಿಯ ಸುತ್ತ ನಾಲ್ಕು ಅಲೆ, ಅಷ್ಟೆ. ಹಿಮಚಿತ್ರದಲ್ಲಿ ನೀರನ್ನೂ ಬಾನನ್ನೂ ತೆಳುಮಸಿಯಿಂದ ಕಪ್ಪಾಗಿಸಬೇಕು, ಇಲ್ಲದಿದ್ದರೆ ದಡದ ಹಿಮ ಎಲ್ಲಿ ಮುಗಿಯಿತೆಂದೇ ತಿಳಿಯದು. ಆ ಕಪ್ಪನ್ನೂ ಒಂದೇ ಸಲ ಬಳಿದರೆ ಒಣಗಿದ ಮೇಲೆ ಅಂಚುಗೆರೆ ನಿಲ್ಲುತ್ತದೆ. ಬಹಳ ತೆಳುವಾಗಿ ಮೂರು ನಾಲ್ಕು ಸಲ, ಪ್ರತಿ ಸಲವೂ ಒಣಗಿಸಿ, ಹಿಮದ ಕಡೆಯ ಅಂಚನ್ನು ಬರಿನೀರಿನ ಕುಂಚದಿಂದ ಕರಗಿಸಬೇಕು. ರೇಷ್ಮೆಗೆ ಮೊದಲೇ ಅಂಟು, ಪಟಿಕ ಹಚ್ಚಿರಬೇಕು. ಪಟಿಕ ಹೆಚ್ಚಾದರೆ ಬಟ್ಟೆ ಪೆಡಸು. ಹಚ್ಚದ ಕಾಗದವಾದರೆ ಮಸಿ ಹಿಮದೊಳಕ್ಕೇ ಹರಿಯುತ್ತದೆ.

ಲಘುಗುರು: ಹಾಗಾದರೆ ‘ಸುರಿದುದು’ ಎಂಬುದೇ ತಪ್ಪು. ಬೀಳುವ ಹಿಮಕ್ಕೆ ಬಿಳಿ ಎರಚಲೇಬೇಕು.

ಸೂತ್ರಧಾರ: ಭೂತಕಾಲ, ಮಹರಾಯರೆ. ಸುರಿದು ನಿಂತದ್ದು.

ಹಳೆಪೆನ್ನು: ಎರಚುವುದೂ ಉಂಟು. ಕಪ್ಪೆಚಿಪ್ಪಿನ ಪುಡಿಗೆ ಅಂಟು ಕಲಸಿ ಕುಂಚ ತಟ್ಟುತ್ತಾರೆ. ಸೀಸದ ಬಿಳಿ ಬಳಸಿದರೆ ಕಾಲ ಕಳೆದಂತೆ ಕಪ್ಪಾಗುತ್ತದೆ. ಆಗ ಸಮಸ್ಯೆಯೇ ತಿರುವುಮುರುವು!

ಮಾತ್ರೆಗಳ್ಳ: ಮೂರನೆಯ ಸಾಲು ಬದಲಿಸಿದೆ:
ಮರೆಯದೆ ನೀರ್ಗಂ ಕರ್ಪಿಡೆ
ಆನೆಯೂ ಹೋಯಿತು, ಹೊಳೆಯೂ ತುಂಬಿತು.

ಚಂಪೂಪ್ರಿಯೆ: ಸೊಗಸು.

ಲಘುಗುರು: ‘ಕುಳಿರ್ಗೆ’ ಇನ್ನೂ ಮೂರೇ.